ಭೀಮನ ಕೊಳ್ಳ ಇಳದು ಒಯ್ದ ತವರ ಸೀರಿ

ಹೋಳಿ ಹುಣ್ಣಿವಿ ಸಮೀಪ ಬಂತಂದ್ರ ನಮ್ಮ ಜೇವರ್ಗಿ ಹಾದಿ ಮ್ಯಾಲ ಶ್ರೀಶೈಲಕ್ಕ ಹೊಂಟ ಮಂದಿ ಕಾಣಲಾಕ ಸುರು ಆಗ್ತದ. ಹೆಗಲ ಮ್ಯಾಲ ಕಂಬಿ, ಕೈಯಾಗ ಬಡಗಿ, ತಲಿಗಿ ಟವೆಲ್. ಕೆಲವರು ಮರಗಾಲು ಕಟ್ಟಿಕೊಂಡೇ ನಡೀತಾರ. ಆಳಂದ, ಕಲಬುರಗಿ ಕಡಿಯವ್ರು ಕಟ್ಟಿಸಂಗಾವಿ ಬ್ರಿಜ್ ಮ್ಯಾಲ ಭೀಮಾ ಹೊಳಿ ದಾಟಿ ಬರ್ತಾರ. ಮುಂದ ಶಹಾಪುರ, ಹೂವಿನಹೆಡಗಿ ಹತ್ರ ಕೃಷ್ಣಾ, ಆಮ್ಯಾಲ ದೇವದುರ್ಗ, ರಾಯಚೂರು, ತುಂಗಭದ್ರಾ ದಾಟಿದ್ರ ಕರ್ನೂಲ. ಅಲ್ಲಿಂದ ನಂದಿಕೊಟ್ಕೂರು, ಆತ್ಮಕೂರು. ಆತ್ಮಕೂರು ಆದ ಮ್ಯಾಲ ಊರು ಮುಗೀತು, ನಲ್ಲಮಲ ಅಡವಿ ಸುರು.

ನಿಮಗೆಲ್ಲಾ ಗೊತ್ತಿದ್ದ ಮಾತೇ, ಆದ್ರೂ ನಮ್ಮ ಸಣ್ಣ ಹುಡುಗ್ಯಾರ ಸಲುವಾಗಿ ಬರೀತೀನಿ. ಶ್ರೀಶೈಲದ ಮಲ್ಲಯ್ಯ ನಮ್ಮ ಕನ್ನಡ ಮಂದಿಗಿ ಅಳಿಯ ಆಗಬೇಕು. ಭ್ರಮರಾಂಬಾ ತಾಯಿ ನಮ್ಮ ಮನಿ ಮಗಳು. ಅದಕ್ಕೇ ಯುಗಾದಿಗಿ ನಾವು ಬರೇ ಕೈಲೆ ಹೋಗಂಗಿಲ್ಲ. ಮಗಳ ಮನಿಗಿ ಹೋಗುವಾಗ ಹ್ಯಾಂಗ ಸೀರಿ, ಖಣ, ಬಳಿ, ಅರಿಷಿಣ ಕುಂಕುಮ, ಉಡಿ ಅಕ್ಕಿ ಒಯ್ತೀವೋ ಹಂಗ ಆಕಿಗೂ ಒಯ್ಯಬೇಕು. ಅಳಿಯ ದೇವರು ಆದ್ರ ಏನಾಯ್ತು, ಮಗಳು ಮಗಳೇ.

ನಮ್ಮ ತವರಮನಿ ಆಳಂದ ತಾಲೂಕಿನಾಗ. ನಮ್ಮವ್ವ ಇರೋತನಕ ವರ್ಷಾ ಒಂದು ಇಳಕಲ್ ಸೀರಿ ಶ್ರೀಶೈಲಕ್ಕ ಹೋಗ್ತಿತ್ತು. ಜೋಳದ ರಾಶಿ ಆಗಿ ಕೈಗಿ ನಾಕು ದುಡ್ಡು ಬಂದ ಕೂಡಲೆ ಆಕಿ ಮೊದಲ ಮಾಡೋ ಖರ್ಚು ಅದೇ. ಟೋಪು ತೆನಿ ಸೆರಗು ಇರಲೇಬೇಕು. ಮಡಚಿ, ಅದರ ನಡುವ ಖಣ ಇಟ್ಟು, ಕೊಬ್ಬರಿ ಬಟ್ಟಲ, ಉತ್ತತ್ತಿ, ಅರಿಷಿಣ ಬೇರು, ಅಡಿಕಿ, ಬೆಲ್ಲ ಎಲ್ಲಾ ಬಿಳಿ ವಸ್ತ್ರದಾಗ ಗಂಟು ಕಟ್ಟಿ, ಹೊಸ್ತಿಲ ಮ್ಯಾಲ ನಿಂತು ನಮ್ಮಪ್ಪನ ಚೀಲದಾಗ ಇಡ್ತಿದ್ಳು. ಅಪ್ಪ ಹೋದ ಮ್ಯಾಲ ತಮ್ಮನ ಚೀಲದಾಗ ಇಟ್ಟಳು. ತಾ ಮಾತ್ರ ಒಮ್ಮಿನೂ ಹೋಗಲಿಲ್ಲ. ಕೂಸು ಸಣ್ಣದು, ಎಮ್ಮಿ ಈದದ, ಅತ್ತಿಗಿ ಆರಾಮಿಲ್ಲ, ಒಂದಲ್ಲಾ ಒಂದು. ಎಲ್ಲಾ ಮುಗದು ಮನಿ ಖಾಲಿ ಆದ ಮ್ಯಾಲ ಆಕಿ ಕಾಲು ಹೋದವು.

ಆಕಿ ತೀರಿಕೊಂಡು ಮೂರು ವರ್ಷ ಆಯ್ತು. ಮೊದಲ ಎರಡು ವರ್ಷ ನಮ್ಮ ಮನಿ ಗಂಡಸರು ಶ್ರೀಶೈಲಕ್ಕ ಹೋಗಿ ಬಂದ್ರು, ಪ್ರಸಾದ ತಂದ್ರು, ವಿಭೂತಿ ತಂದ್ರು. ಸೀರಿ ಒಯ್ದಿದ್ದಿಲ್ಲ. ಯಾರೂ ಬೇಕಂತ ಬಿಟ್ಟಿದ್ದಲ್ಲ. ಸೀರಿ ತರೋದು, ಗಂಟು ಕಟ್ಟೋದು ಅವ್ವನ ಕೆಲಸ ಇತ್ತು, ಆಕಿ ಇಲ್ಲ, ಗಂಟೂ ಇಲ್ಲ. ಈ ಮಾತು ನಮ್ಮ ಅಕ್ಕನಿಗಿ ತಿಳಿದಿದ್ದು ಹೋದ ಸಂಕ್ರಾಂತಿಗಿ. ಎಳ್ಳು ಬೆಲ್ಲ ಕೊಡಲಾಕ ಬಂದಾಗ ತಮ್ಮನ್ನ ಸುಮ್ನ ಕೇಳಿದ್ಳು. ಅವ ಹಣಿ ಬಡಕೊಂಡು, "ಅಯ್ಯ, ನೆನಪೇ ಆಗಲಿಲ್ಲ ಬಿಡಕ್ಕ" ಅಂದ.

ಅಕ್ಕ ಅವನಿಗೇನೂ ಅನ್ನಲಿಲ್ಲ. ರಾತ್ರಿ ನನಗ ಫೋನ್ ಮಾಡಿ, "ತಂಗೀ, ಈ ಸಲ ನಾನೇ ಒಯ್ತೀನಿ. ನೀ ಬರ್ತಿ ಏನು?" ಅಂದಳು.

ಅಕ್ಕನಿಗಿ 58. ಬಲ ಮೊಣಕಾಲು ಮೊದಲೇ ನೋವು. ನನಗ 51. ನನ್ನ ನಾದಿನಿನ್ನ ಅಫಜಲಪುರ ತಾಲೂಕಿಗಿ ಕೊಟ್ಟಾದ, ಆಕಿಗಿ ಸುದ್ದಿ ಗೊತ್ತಾಗಿ, "ವೈನಿ, ನನ್ನ ಬಿಟ್ಟು ಹೋದ್ರ ಮಾತಾಡಂಗಿಲ್ಲ ನೋಡ್ರಿ" ಅಂತ ಗಂಟುಬಿದ್ದಳು. ಆಕಿ ನಡಿಯೋದ್ರಾಗ ಗಟ್ಟಿ. ಅಮಾಸಿಗೊಮ್ಮಿ ಘತ್ತರಗಿ ಭಾಗ್ಯವಂತಿಗಿ ನಡದೇ ಹೋಗಿ ಬರಾಕಿ.

ಮನಿಯಾಗ ಗಂಡಸರು ಬ್ಯಾಡ ಅಂದ್ರು. ಸಿಟ್ಟಲೆ ಅಲ್ಲ, ಕಾಳಜಿಲೆ. "ದೋರ್ನಾಳ ಮ್ಯಾಲ ಬಸ್ ಗುಡಿತನಕ ಹೋಗ್ತದ. ಸುಮ್ನ ಬಸ್ಸಿಗಿ ಹೋಗಿ ಸೀರಿ ಕೊಟ್ಟು ಬರ್ರಿ. ಅಡವಿ ಹಾದಿ ಯಾಕ? ಭೀಮನ ಕೊಳ್ಳ ಹೆಂಗಸರಿಗಿ ಆಗೋದಲ್ಲ." ಭೀಮನ ಕೊಳ್ಳ ಅನ್ನೋ ಹೆಸರು ನಾವು ಸಣ್ಣವರಿದ್ದಾಗಿಂದ ಕೇಳಿದ್ದೇ. ಅಪ್ಪ ಹೋಗಿ ಬಂದು ಕಟ್ಟಿ ಮ್ಯಾಲ ಕುಂತು ಅದರ ಕತಿ ಹೇಳ್ತಿದ್ದ. ಪಾಂಡವರು ವನವಾಸದಾಗ ಇದ್ದಾಗ ದ್ರೌಪದಿಗಿ ನೀರಡಿಕಿ ಆಯ್ತಂತ, ಭೀಮ ಗದಾದಿಂದ ಬಂಡಿಗಿ ಹೊಡದು ನೀರು ತಗದನಂತ. ತೆಲುಗರು ಅದಕ್ಕ ಭೀಮುನಿ ಕೊಲನು ಅಂತಾರ, ಅಂದ್ರ ಭೀಮನ ಕೊಳ. ನಮ್ಮ ಮಂದಿ ಬಾಯಾಗ ಅದು ಕೊಳ್ಳ ಆಗ್ಯದ. ಖರೇ ನೋಡಿದ್ರ ಎರಡೂ ಹೆಸರು ಸರಿ, ಕೊಳಾನೂ ಅದ, ಕೊಳ್ಳಾನೂ ಅದ.

ಅಕ್ಕ ಒಂದೇ ಮಾತು ಅಂದಳು. "ಉಡಿ ತುಂಬೋದು ಹೆಣ್ಮಕ್ಕಳ ಕೆಲಸ ಹೌದಿಲ್ಲ? ಹಂಗಾದ್ರ ಒಯ್ಯೋದು ಯಾಕ ಗಂಡಸರ ಕೆಲಸ?" ಇದಕ್ಕ ಯಾರಲ್ಲೂ ಜವಾಬು ಇರಲಿಲ್ಲ. ಕಡೀಕ ಅಕ್ಕನ ಮಗನ್ನ ಜೋಡಿ ಕಳಸೋದು ಅಂತ ಆಯ್ತು. ಅವನ ಕಿವಿಯಾಗ ಅವರಪ್ಪ, "ಏನರೆ ಆದ್ರ ಫೋನ್ ಮಾಡು" ಅಂತ ಹೇಳಿದ್ದು ನಮಗೂ ಕೇಳಿಸ್ತು.

ನಾವು ಮನಿಯಿಂದ ನಡೀಲಿಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಮನಿಯಿಂದ ಪೂರಾ ನಡದು ಹೋಗೋರು ನಮಗಿಂತ ದೊಡ್ಡವರು, ಅವರ ಪಾದಕ್ಕ ನಮಸ್ಕಾರ. ನಾವು ರಾಯಚೂರು, ಕರ್ನೂಲ ಮ್ಯಾಲ ಆತ್ಮಕೂರತನಕ ಗಾಡಿಯಾಗ ಹೋಗಿ, ಅಡವಿ ಹಾದಿ ಅಷ್ಟೇ ನಡದೇವು. ವೆಂಕಟಾಪುರದಿಂದ ಶ್ರೀಶೈಲಕ್ಕ ಸುಮಾರು 40 ಕಿಲೋಮೀಟರ್. 2025ರ ಯುಗಾದಿ ಮಾರ್ಚ್ 30ಕ್ಕ ಇತ್ತು, ಅದಕ್ಕ ನಾಕು ದಿನ ಮೊದಲು ನಸಿಕಿನಾಗ ಕಾಲು ಹಾಕಿದೇವು.

ಈ ಅಡವಿ ಅಂದ್ರ ಸಣ್ಣ ಅಡವಿ ಅಲ್ಲ. ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ ಅಂತ, ದೇಶದಾಗಿನ ಹುಲಿ ಅಡವಿಗಳೊಳಗ ಎಲ್ಲಕ್ಕಿಂತ ದೊಡ್ಡದು. ಅಲ್ಲಿ ಇರೋ ಮಂದಿ ಚೆಂಚುಗಳು. ಅವರೂ ಮಲ್ಲಯ್ಯ ತಮ್ಮವ ಅಂತಾರ, ಚೆಂಚು ಮಲ್ಲಯ್ಯ ಅಂತ ಕರೀತಾರ. ನಮ್ಮದು ಎರಿ ಭೂಮಿ, ತೊಗರಿ ನಾಡು. ಕಣ್ಣು ಹಾಯೋತನಕ ಸಪಾಟ. ನಮ್ಮ ಕಾಲಿಗಿ ದೂರ ಗೊತ್ತು, ಏರು ಗೊತ್ತಿಲ್ಲ. ಅಲ್ಲಿ ಬರೇ ಕಲ್ಲು, ಬಿದಿರು, ಎಲಿ ಉದುರಿದ ಗಿಡ. ಯುಗಾದಿ ಟೈಮಿಗಿ ಅಡವಿ ಪೂರಾ ಒಣಗಿರ್ತದ, ನೆರಳು ಅಂತ ಕಂಡಿದ್ದೆಲ್ಲಾ ಜಾಳಿಗಿ ನೆರಳು.

ವೆಂಕಟಾಪುರ ಬಿಟ್ಟ ಮ್ಯಾಲ ಮೊದಲು ನಾಗಲೂಟಿ ಬರ್ತದ. ಅಲ್ಲಿ ವೀರಭದ್ರ ದೇವರ ಹಳೀ ಗುಡಿ ಅದ. ಅಲ್ಲಿಂದ ಕಲ್ಲಿನ ಮೆಟ್ಟಲು ಏರಬೇಕು. 14ನೇ ಶತಮಾನದಾಗ ರೆಡ್ಡಿ ಮನೆತನದ ಪ್ರೋಲಯ ವೇಮಾರೆಡ್ಡಿ ಅನ್ನೋ ರಾಜ ಶ್ರೀಶೈಲಕ್ಕ ಹೋಗೋರ ಸಲುವಾಗಿ ಮೆಟ್ಟಲು ಕಟ್ಟಿಸಿದ ಅಂತ ಇತಿಹಾಸದಾಗ ಅದ. ಮೆಟ್ಟಲು ಅಂದ್ರ ನಮ್ಮ ಮಾಳಗಿ ಮೆಟ್ಟಲಿನಂಗ ಅಳತಿ ಇಟ್ಟು ಮಾಡಿದ್ದಲ್ಲ. ಒಂದು ಗೇಣು ಎತ್ತರ ಇದ್ರ ಇನ್ನೊಂದು ಮೊಣಕಾಲುತನಕ. ಮಂದಿ ಕಾಲು ಬಿದ್ದು ಬಿದ್ದು ನುಣ್ಣಗ ಆಗ್ಯಾವ.

ಹಾದಿಯಾಗ ನಮ್ಮ ಕಡಿಯವ್ರದೇ ದಾಸೋಹ. ಅಲ್ಲಲ್ಲಿ ಪೆಂಡಾಲ್ ಹಾಕಿ ಮಜ್ಜಿಗಿ, ನೀರು, ಅನ್ನ ಸಾರು ಕೊಡ್ತಾರ. ಕಾಲಿಗಿ ಎಣ್ಣಿ ತಿಕ್ಕೋರೂ ಇರ್ತಾರ. ತೆಲುಗು ಅಡವಿಯಾಗ "ಬರ್ರಿ ಯವ್ವಾ, ಕುಂಡ್ರಿ" ಅಂತ ನಮ್ಮ ಮಾತು ಕೇಳಿದ್ರ ಅರ್ಧ ದಣಿವು ಅಲ್ಲೇ ಹೋಗ್ತದ. ಮೊದಲ ದಿನ ಪೆಚ್ಚೆರುವು ಮುಟ್ಟಿದೇವು. ಚೆರುವು ಅಂದ್ರ ಕೆರಿ. ರಾತ್ರಿ ಕೆರಿ ದಂಡಿ ಹತ್ರ ಚಾದರ ಹಾಸಿ ಮಲಗಿದ್ದು. ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದೇವು. ಅಕ್ಕ ಸೀರಿ ಗಂಟು ತಲಿದಿಂಬು ಮಾಡಲಿಲ್ಲ, ಕೆಳಗೂ ಇಡಲಿಲ್ಲ. ನಡಕ್ಕ ಕಟ್ಟಿಕೊಂಡು, ಮುಂದ ಉಡಿಯಾಗ ಇಟ್ಟುಕೊಂಡೇ ಮಲಗಿದ್ಳು. ಬಸುರಿ ಹೆಂಗಸು ಮಲಗಿದಂಗ ಕಾಣ್ತಿತ್ತು ಅಂತ ನಾದಿನಿ ನಕ್ಕಿದ್ದೇ ನಕ್ಕಿದ್ದು.

ಎರಡನೇ ದಿನ ಮಠದ ಬಾವಿ ದಾಟಿ ಮುಂದ ಹೋದೇವು. ಆಗ ಹಾದಿ ಒಮ್ಮಿಗೇ ಮುಗದಂಗ ಆಯ್ತು. ಮುಂದ ನೆಲ ಇಲ್ಲ, ಬರೇ ಗಾಳಿ. ಎದುರಿಗಿ ಇನ್ನೊಂದು ಗುಡ್ಡ ಗೋಡಿಯಂಗ ನಿಂತದ. ಆ ಗೋಡಿ ಮ್ಯಾಲ ಇರುವಿ ಸಾಲಿನಂಗ ಮಂದಿ ಏರಲತ್ತಾರ, ಬಿಳಿ ಅಂಗಿ, ಕಾವಿ ಸೀರಿ ಅಷ್ಟೇ ಕಾಣ್ತದ. ಅವರು "ಮಲ್ಲಯ್ಯಾ" ಅಂತ ಕೂಗಿದ್ದು ಒಂದು ಸಲ ಅಲ್ಲಿಂದ, ಇನ್ನೊಂದು ಸಲ ನಮ್ಮ ಕಾಲ ಕೆಳಗಿಂದ ಕೇಳಿಸ್ತದ. ನಡುವ ಭೀಮನ ಕೊಳ್ಳ. ಈ ಗುಡ್ಡ ಪೂರಾ ಇಳೀಬೇಕು, ತಳ ಮುಟ್ಟಬೇಕು, ಆ ಗುಡ್ಡ ಪೂರಾ ಏರಬೇಕು. ಬ್ಯಾರೆ ಹಾದಿ ಇಲ್ಲ. ಗಾಡಿ ಬರೋ ಜಾಗ ಅಲ್ಲ. ಹಿಂದ ಹೋದ್ರ ಒಂದೂವರಿ ದಿನದ ಹಾದಿ.

ನಾದಿನಿ ಮಗಳು ಜರ್ಮನಿಯಾಗ ಮ್ಯೂನಿಕ್ ಅನ್ನೋ ಊರಾಗ ಇರ್ತಾಳ. ಅಲ್ಲಿ ಆಲ್ಪ್ಸ್ ಗುಡ್ಡದಾಗ ಪಾರ್ಟ್ನಾಖ್ ಅಂತ ಒಂದು ಹೊಳಿ ಕಲ್ಲು ಕೊರದು ಮಾಡಿದ ಕೊಳ್ಳದ ವಿಡಿಯೋ ನಮಗ ಕಳಸಿದ್ಳು. ಸುಮಾರು 700 ಮೀಟರ್ ಉದ್ದ, ಎರಡೂ ಕಡಿ 80 ಮೀಟರ್ ಎತ್ತರ ಕಲ್ಲಿನ ಗೋಡಿ, 1912ರಾಗೇ ಅದನ್ನ ಕಾಪಾಡಬೇಕಾದ ಜಾಗ ಅಂತ ಸರ್ಕಾರ ಬರದದಂತ. ಟಿಕೀಟು ಅದ, ಕಲ್ಲಿನಾಗ ಕೊರದ ಹಾದಿ ಅದ, ಕೈಗಿ ಹಿಡಕೊಳ್ಳಾಕ ಕಟಾಂಜನ ಅದ. ನೀರಿನ ಮಗ್ಗಲಕ್ಕೇ ಹೊಳಿ ಹಿಡದು ನಡಕೋತ ಹೋಗೋದು. ಛಲೋ ಅದ, ನೋಡಲಾಕ ಭಾಳ ಛಂದ. ಆದ್ರ ನಮ್ಮ ಕೊಳ್ಳ ಹಂಗಲ್ಲ. ಇದರೊಳಗ ಉದ್ದಕ ನಡಿಯೋದಲ್ಲ, ಇದನ್ನ ಅಡ್ಡ ದಾಟೋದು. ಟಿಕೀಟು ಇಲ್ಲ, ಹಿಡಕೊಳ್ಳಾಕ ಜೋಡಿ ಇದ್ದವರ ಭುಜಾನೇ ಗತಿ.

ನಾವು ದಂಡಿ ಮುಟ್ಟಿದಾಗ ಬಿಸಲು ನೆತ್ತಿ ಮ್ಯಾಲ. ಅಕ್ಕನ ಮೊಣಕಾಲು ಬಾತು ಗಡಗಿಯಂಗ ಆಗಿತ್ತು. ಹತ್ತು ಮೆಟ್ಟಲು ಇಳದ ಮ್ಯಾಲ ಕಲ್ಲಿನ ಮ್ಯಾಲ ಕುಂತುಬಿಟ್ಟಳು. ಮಗ ಫೋನ್ ತಗದ. ಅಲ್ಲಿ ನೆಟ್‌ವರ್ಕ್ ಇಲ್ಲ. ಅವನ ಮಾರಿ ಸಣ್ಣದಾಯ್ತು. "ಅವ್ವಾ, ಅಪ್ಪ ಮೊದಲೇ ಹೇಳಿದ್ದ" ಅಂದ. ಆ ಮಾತಿಗಿ ಅಕ್ಕ ಏನೂ ಅನ್ನಲಿಲ್ಲ, ಎದುರು ಗುಡ್ಡ ನೋಡಕೋತ ಕುಂತಳು.

ಆಗ ಹಿಂದಿಂದ ಒಬ್ಬ ಆಯಿ ಬಂದಳು. ಎಪ್ಪತ್ತು ದಾಟಿದಾಕಿ, ಕಾಲಾಗ ಚಪ್ಪಲ್ ಇಲ್ಲ, ಗಂಡುಗಚ್ಚಿ ಹಾಕಿ ಸೀರಿ ಉಟ್ಟಾಳ. ರಾಯಚೂರು ಕಡಿಯಾಕಿ, ಹಂತಾ ಹನ್ನೊಂದು ಸಲ ಬಂದೀನಿ ಅಂದಳು. ಅಕ್ಕನ್ನ ನೋಡಿ, "ಎವ್ವಾ, ನೀ ಸೀದಾ ಇಳದೀದಿ, ಅದಕ್ಕೇ ಕಾಲು ಹಿಡದದ. ಅಡ್ಡ ಆಗಿ ಇಳಿ" ಅಂದಳು. ಆಮ್ಯಾಲ ನಮಗ ಪಾಠ ಮಾಡಿದಂಗ ಹೇಳಿದ್ಳು. ಇಳಿವಾಗ ನೋವಿನ ಕಾಲು ಮೊದಲು ಕೆಳಗ ಇಡಬೇಕು, ಮ್ಯಾಲಿನ ಗಟ್ಟಿ ಕಾಲು ಮೈ ಭಾರ ತಡೀತದ. ಏರುವಾಗ ಗಟ್ಟಿ ಕಾಲು ಮೊದಲು, ಅದು ಮೈ ಎತ್ತತದ, ನೋವಿನ ಕಾಲು ಹಿಂದ ಬರ್ತದ. ಬಡಗಿ ಇಳಿವಾಗ ಮೊದಲು ಕೆಳಗ ಊರಬೇಕು, ಆಮ್ಯಾಲ ಕಾಲು. ಭಾಳ ಎತ್ತರದ ಮೆಟ್ಟಲು ಬಂದ್ರ ನಾಚಿಕಿ ಬಿಟ್ಟು ಕುಂತು ಇಳೀಬೇಕು. ಊರಿಗಿ ಬಂದ ಮ್ಯಾಲ ಮೊಣಕಾಲು ಡಾಕ್ಟರೂ ಇದನ್ನೇ ಹೇಳಿದ್ರು. ಏರೋದಕ್ಕಿಂತ ಇಳಿಯೋದೇ ಮೊಣಕಾಲಿಗಿ ಕೆಟ್ಟದ್ದಂತ, ಇಳಿವಾಗ ಮೈ ಭಾರ ಎಲ್ಲಾ ಅದರ ಮ್ಯಾಲೇ ಬೀಳ್ತದಂತ.

ಇನ್ನೊಂದು ಮಾತು ಆ ಆಯಿ ಹೇಳಿದ್ದು ಸೀರಿದು. ನಾವು ಮೂವರೂ ನಿರಗಿ ಬಿಟ್ಟು ಸೀರಿ ಉಟ್ಟಿದ್ದೇವು. ಇಳಿವಾಗ ನಿರಗಿ ಮುಂದ ಬಂದು ನಮ್ಮ ಪಾದ ನಮಗೇ ಕಾಣಂಗಿಲ್ಲ. ಗಂಡುಗಚ್ಚಿ ಹಾಕಿದ್ರ ಕಾಲು ಬಿಡುವು ಆಗ್ತದ, ಮೆಟ್ಟಲು ಕಾಣ್ತದ. ನಮ್ಮಜ್ಜಿ ಹೊಲಕ್ಕ ಹೋಗುವಾಗ ಹಂಗೇ ಉಡ್ತಿದ್ದು ಅಕ್ಕನಿಗಿ ನೆನಪಿತ್ತು. ಒಂದು ಬಂಡಿಗಲ್ಲಿನ ಮರಿಗಿ ಹೋಗಿ, ನಾ ಚಾದರ ಅಡ್ಡ ಹಿಡದೆ, ನಾದಿನಿ ಆಕಿಗಿ ಕಚ್ಚಿ ಹಾಕಿ ಉಡಿಸಿದ್ಳು. ಆಮ್ಯಾಲ ನಾವಿಬ್ಬರೂ ಉಟ್ಟೇವು. ಅಕ್ಕನ ಮಗ ನಮ್ಮನ್ನ ನೋಡಿ ಮಾರಿ ಆ ಕಡಿ ತಿರುವಿಕೊಂಡು ನಕ್ಕ. ನಗಲಿ.

ಹಿಂಗ ಇಳದೇವು. ನಾದಿನಿ ಒಂದು ಮೆಟ್ಟಲು ಕೆಳಗ, ಅಕ್ಕ ನಡುವ ಆಕಿ ಭುಜದ ಮ್ಯಾಲ ಕೈ ಇಟ್ಟು, ನಾ ಹಿಂದ ಅಕ್ಕನ ನಡುಪಟ್ಟಿ ಹಿಡಕೊಂಡು. ಹುಡುಗ ಎಲ್ಲರ ಚೀಲ ಹೊತ್ತ. ಇಪ್ಪತ್ತು ಮೆಟ್ಟಲು ಇಳಿಯೋದು, ಕುಂಡ್ರೋದು. ಕಾಲು ಥರಥರ ನಡಗತಿದ್ವು. ಗಂಡಸರ ಗುಂಪು ದಡದಡ ಇಳದು ನಮ್ಮನ್ನ ದಾಟಿ ಹೋಗ್ತಿದ್ವು. ಮಗ್ಗಲಕ್ಕ ಸರದು ಹಾದಿ ಬಿಡ್ತಿದ್ದೇವು. ಯಾರೂ ನಮಗ ಕೆಟ್ಟದ್ದು ಅನ್ನಲಿಲ್ಲ. ಒಬ್ಬ ಹುಡುಗ ತನ್ನ ಬಡಗಿ ಅಕ್ಕನಿಗಿ ಕೊಟ್ಟು ಹೋದ.

ತಳದಾಗ ಭೀಮನ ಕೊಳ. ಕಲ್ಲಿನ ನಡುವ ನೀರು, ಸುತ್ತ ಮಂದಿ. ಮ್ಯಾಲ ನೋಡಿದ್ರ ಎರಡು ಗುಡ್ಡದ ನಡುವ ಆಕಾಶ ಒಂದು ಪಟ್ಟಿಯಂಗ. ಅಲ್ಲಿ ಗಾಳಿ ಥಂಡ ಇತ್ತು. ಕಾಲು ತೊಳಕೊಂಡು ಕುಂತೇವು. ನಾನು ಬಾಟ್ಲಿಯಾಗ ಉಪ್ಪು ಸಕ್ಕರಿ ನೀರು ಕಲಸಿ ಎಲ್ಲರಿಗೂ ಕುಡಿಸಿದೆ.

ಆಗ ಅಕ್ಕ ನಡಕ್ಕ ಕಟ್ಟಿದ ಗಂಟು ಬಿಚ್ಚಿ ನನ್ನ ಉಡಿಯಾಗ ಇಟ್ಟಳು. "ನೀವು ಮುಂದ ನಡೀರಿ. ನಾ ಇಲ್ಲೇ ಈ ಆಯಿ ಜೋಡಿ ಇರ್ತೀನಿ, ನಾಳಿ ಬರೋ ಮಂದಿ ಸಂಗಡ ಬರ್ತೀನಿ. ಸೀರಿ ಮುಟ್ಟಿದ್ರ ಸಾಕು" ಅಂದಳು.

ನಾ ಅಂದೆ, "ಸೀರಿ ಮುಟ್ಟಿಸೋದೇ ಇದ್ರ ಬಸ್ಸಿಗಿ ಬರಬಹುದಿತ್ತಲ್ಲಕ್ಕ. ನೀ ಯಾಕ ಇಷ್ಟು ಕಷ್ಟಪಟ್ಟಿ?"

ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮ್ಯಾಲ ಅಂದಳು, "ಅವ್ವ ಹೋದ ಮ್ಯಾಲ ಪಂಚಮಿಗಿ ನಿನಗ ಯಾರರೆ ಕರದಾರೇನು? ನನಗಂತೂ ಕರದಿಲ್ಲ. ತಮ್ಮ ಕೆಟ್ಟವನಲ್ಲ, ಅವನ ಹೆಂಡ್ತಿನೂ ಕೆಟ್ಟಾಕಿ ಅಲ್ಲ. ಹೋದ್ರ ಬ್ಯಾಡ ಅನ್ನಂಗಿಲ್ಲ. ಆದ್ರ ಕರಿಯೋರು ಇಲ್ಲ. ಉಂಡಿ ಡಬ್ಬಿ ಬರ್ಲಿಲ್ಲ, ಸೀರಿ ಬರ್ಲಿಲ್ಲ. 58 ವರ್ಷದಾಕಿಗಿ ಎಂಥಾ ತವರ ಸೀರಿ ಅಂತ ನಾನೇ ನನಗ ಬೈಕೊಂಡೆ. ಆಮ್ಯಾಲ ಸಂಕ್ರಾಂತಿಗಿ ಗೊತ್ತಾಯ್ತು, ಈ ತಾಯಿಗೂ ಎರಡು ವರ್ಷ ನಮ್ಮ ಮನಿಯಿಂದ ಸೀರಿ ಹೋಗಿಲ್ಲ ಅಂತ. ತವರಿನಿಂದ ಯಾರರೆ ಬರ್ತಾರೇನೋ ಅಂತ ಆಕಿನೂ ಹಾದಿ ನೋಡಿರಬೇಕಲ್ಲ ಅಂತ ಅನಿಸ್ತು. ಹಾದಿ ನೋಡೋರಿಗಿ ಹಾದಿ ನಡದೇ ಹೋಗಬೇಕು, ತಂಗಿ."

ನಾದಿನಿ ಅಳಲಾಕ ಹತ್ತಿದ್ಳು. ಆಕಿ ತವರು ಅಂದ್ರ ನಮ್ಮ ಮನಿ, ಕರಿಯಬೇಕಾದಾಕಿ ನಾನು. ನಾ ಆಕಿನ್ನ ಪ್ರತಿ ಪಂಚಮಿಗೂ ಕರೀತೀನಿ, ಆದ್ರೂ ಆ ಮಾತು ಆಕಿಗೆಲ್ಲೋ ತಟ್ಟಿತು.

ನಾ ಗಂಟು ತಿರುಗಿ ಅಕ್ಕನ ನಡಕ್ಕ ಕಟ್ಟಿದೆ. "ಉಡಿ ಒಬ್ಬರದು ಒಬ್ಬರು ಒಯ್ಯಂಗಿಲ್ಲ. ನೀ ಎಷ್ಟೊತ್ತಿಗಿ ಏರ್ತೀಯೋ ನಾವೂ ಅಷ್ಟೊತ್ತಿಗಿ ಏರ್ತೀವಿ. ರಾತ್ರಿ ಆದ್ರ ಆಗ್ಲಿ" ಅಂದೆ. ಹುಡುಗ ನಮ್ಮ ಮಾತೆಲ್ಲಾ ಕೇಳಿದ್ದ. ಅವ ಬಂದು ತಾಯಿ ಕಾಲು ತನ್ನ ತೊಡಿ ಮ್ಯಾಲ ಇಟ್ಟುಕೊಂಡು, ಒದ್ದಿ ಟವೆಲ್ ಸುತ್ತಿದ. ಅವರಪ್ಪ ಹೇಳಿದ ಮಾತು ಮತ್ತ ತಗೀಲಿಲ್ಲ.

ಬಿಸಲು ಇಳದ ಮ್ಯಾಲ ಏರಲಾಕ ಸುರು ಮಾಡಿದೇವು. ಏರೋದು ದಮ್ಮು ಹತ್ತತದ ಖರೇ, ಆದ್ರ ಮೊಣಕಾಲಿಗಿ ಇಳಿದಷ್ಟು ತ್ರಾಸ ಇಲ್ಲ. ಗಟ್ಟಿ ಕಾಲು ಮೊದಲು, ನೋವಿನ ಕಾಲು ಹಿಂದ. ಅಕ್ಕ ಒಂದೊಂದು ಮೆಟ್ಟಲಿಗೂ ಬಾಯಾಗ ಏನೋ ಅಂತಿದ್ಳು. ಮಲ್ಲಯ್ಯನ ಹೆಸರಿರಬೇಕು ಅಂದುಕೊಂಡೆ. ಹತ್ರ ಹೋಗಿ ಕೇಳಿದ್ರ, "ಎಡಾ, ಬಲಾ, ಎಡಾ, ಬಲಾ" ಅನ್ನಲತ್ತಾಳ. ಯಾವ ಕಾಲು ಮೊದಲು ಅನ್ನೋದು ತಪ್ಪಬಾರದು ಅಂತ.

ಕತ್ತಲಾದ ಮ್ಯಾಲ ಕೈಲಾಸ ದ್ವಾರ ಮುಟ್ಟಿದೇವು. ಅದು ಏರಿನ ಕಡೀಕ ಇರೋ ಬಾಗಲು. ಅಲ್ಲಿ ಮಂದಿ ಕಲ್ಲಿಗಿ ಹಣಿ ಹಚ್ಚಿ ಅಳ್ತಾರ, ನಗ್ತಾರ, ಕೆಲವರು ಅಲ್ಲೇ ಅಂಗಾತ ಬೀಳ್ತಾರ. ನಾವು ಮೂವರು ಒಬ್ಬರ ಮ್ಯಾಲ ಒಬ್ಬರು ಒರಗಿ ಕುಂತೇವು. ರಾತ್ರಿ ಅಲ್ಲೇ ಉಳಕೊಂಡು, ಮರುದಿನ ಹಾಟಕೇಶ್ವರ, ಸಾಕ್ಷಿ ಗಣಪತಿ ನೋಡಿಕೊಂಡು ಶ್ರೀಶೈಲ ಸೇರಿದೇವು. ಸಾಕ್ಷಿ ಗಣಪತಿ ಮುಂದ ಎಲ್ಲರೂ ತಮ್ಮ ಹೆಸರು ಹೇಳ್ತಾರ, ನೀವು ಬಂದಿದ್ದಕ್ಕ ಅವನೇ ಸಾಕ್ಷಿ ಅಂತ. ಅಕ್ಕ ತನ್ನ ಹೆಸರು ಹೇಳಿ, ನಮ್ಮವ್ವನ ಹೆಸರೂ ಹೇಳಿದ್ಳು.

ಮಲ್ಲಯ್ಯನ ದರ್ಶನಕ್ಕ ಪಾಳಿ ಹಚ್ಚಿ ನಿಂತೇವು. 12 ಜ್ಯೋತಿರ್ಲಿಂಗದಾಗ ಒಂದು, ಯುಗಾದಿ ಗದ್ದಲ ಕೇಳೋದೇ ಬ್ಯಾಡ. ಒಂದು ಕ್ಷಣ ಕಂಡ, ಮುಂದ ದೂಡಿದ್ರು. ಆಮ್ಯಾಲ ತಾಯಿ ಗುಡಿ. ಭ್ರಮರಾಂಬಾ 18 ಶಕ್ತಿಪೀಠದಾಗ ಒಬ್ಬಾಕಿ. ಅಕ್ಕ ಗಂಟು ಬಿಚ್ಚಿ ಸೀರಿ ಕೈಯಾಗ ಹಿಡದ್ಳು. ಎರಡು ದಿನ ಹೊಟ್ಟಿಗಿ ಹತ್ತಿ ಬೆವರಿಗಿ ಒಂದೆರಡು ಮಡಿಕಿ ಮುದುಡಿತ್ತು, ಕೈಲೆ ನೀವಿ ಸರಿ ಮಾಡಿದ್ಳು. ಪೂಜಾರಿ ತಗೊಂಡು ತಾಯಿಗಿ ತೋರ್ಸಿ ಮಗ್ಗಲಕ್ಕ ಇಟ್ಟ. ಅಲ್ಲಿ ನೋಡಿದ್ರ ಸೀರಿ ರಾಶಿ! ಹಸರು, ಕೆಂಪು, ಅರಿಷಿಣ, ಇಳಕಲ್, ರೇಶಿಮಿ, ಸಾದಾ ಕಾಟನ್. ನಮ್ಮ ತೊಗರಿ ರಾಶಿಯಂಗ ಗುಡ್ಡಿ ಬಿದ್ದಿತ್ತು. ನನಗ ಒಂದು ಗಳಿಗಿ ಹೊಟ್ಟ್ಯಾಗ ಕಸಿವಿಸಿ ಆಯ್ತು. ಇಷ್ಟು ಕಷ್ಟಪಟ್ಟು ತಂದಿದ್ದು ಇದರೊಳಗ ಎಲ್ಲಿ ಹೋಯ್ತು ಅಂತ. ಅಕ್ಕನ ಮಾರಿ ನೋಡಿದೆ. ಆಕಿ ನಗಲತ್ತಿದ್ಳು. "ನೋಡು ತಂಗಿ, ಈಕಿಗಿ ಎಷ್ಟು ತವರಮನಿ!" ಅಂದಳು.

ಅಲ್ಲಿಂದ ಪಾತಾಳಗಂಗಾಕ್ಕ ಇಳೀಲಿಲ್ಲ, ಅಕ್ಕನ ಕಾಲು ಸಾಕು ಅಂದ್ವು. ಅಕ್ಕಮಹಾದೇವಿ ಗವಿಗಿ ದೋಣಿಯಾಗ ಹೋಗಬೇಕು, ಅದೂ ಉಳೀತು. ಅಕ್ಕಮಹಾದೇವಿ 12ನೇ ಶತಮಾನದಾಗ ಕಲ್ಯಾಣದಿಂದ ಶ್ರೀಶೈಲಕ್ಕ ಬಂದಾಕಿ. ಕಲ್ಯಾಣ ಅಂದ್ರ ನಮ್ಮ ಆಳಂದದ ಮಗ್ಗಲ ತಾಲೂಕು, ಬಸವಕಲ್ಯಾಣ. ಎಂಟುನೂರು ವರ್ಷದ ಹಿಂದ, ಒಬ್ಬಾಕಿ ಹೆಣ್ಮಗಳು. ಇನ್ನು ಮುಂದ ಯಾರರೆ ಭೀಮನ ಕೊಳ್ಳ ಹೆಂಗಸರಿಗಿ ಅಲ್ಲ ಅಂದ್ರ ನಾನು ಆಕಿ ಹೆಸರು ಹೇಳ್ತೀನಿ.

ಹೋಗಬೇಕು ಅನ್ನೋರಿಗಿ ನಾಕು ಮಾತು. ಸಪಾಟ ಹಾದಿ ನಡದ್ರ ಸಾಲಂಗಿಲ್ಲ. ಎರಡು ತಿಂಗಳು ಮೊದಲಿಂದ ದಿನಾ ಮಾಳಗಿ ಮೆಟ್ಟಲು ಏರಿ ಇಳೀರಿ, ಇಳಿಯೋದೇ ಜಾಸ್ತಿ ರೂಢಿ ಮಾಡ್ರಿ. ಬಡಗಿ ಊರಿಂದಲೇ ಒಯ್ರಿ. ಕಾಲು ಬಾತ್ರ ಕಾಲುಂಗರ ಒಳಗ ಕೊರೀತಾವ, ಅದಕ್ಕ ಮೊದಲೇ ಅವನ್ನ ತಗದು ಇಡ್ರಿ. ಬರೇ ನೀರು ಕುಡದ್ರ ಸಾಲಂಗಿಲ್ಲ. 1 ಲೀಟರ್ ನೀರಿಗಿ 6 ಸಣ್ಣ ಚಮಚ ಸಕ್ಕರಿ, ಅರ್ಧ ಸಣ್ಣ ಚಮಚ ಉಪ್ಪು, ಇದಕ್ಕಿಂತ ಉಪ್ಪು ಜಾಸ್ತಿ ಹಾಕಬ್ಯಾಡ್ರಿ. ಚರಗಿ ತಗೊಂಡು ಹೋಗೋದಕ್ಕ ಅಡವಿಯಾಗ ಮರಿ ಸಿಗ್ತದ, ಆದ್ರ ಒಬ್ಬರೇ ದೂರ ಹೋಗಬ್ಯಾಡ್ರಿ. ಮೂವರಿದ್ರ ಒಂದು ಚಾದರ ಸಾಕು. ತಿಂಗಳ ತ್ರಾಸ ಇರೋ ವಯಸ್ಸಿನವರು ಬಟ್ಟಿ ಜಾಸ್ತಿ ಇಟ್ಟುಕೊಳ್ರಿ, ದಾರಿಯಾಗ ಆದ್ರೂ ಗಾಬರಿ ಬ್ಯಾಡ, ಅಡವಿ ದಾಟೋದಂತೂ ದಾಟಲೇಬೇಕು. ಪ್ಲಾಸ್ಟಿಕ್ ಅಲ್ಲಿ ಒಗೀಬ್ಯಾಡ್ರಿ, ಅದು ಹುಲಿ ಮನಿ, ನಾವು ಎರಡು ದಿನದ ಬೀಗರು.

ಅಕ್ಕನ ಮೊಣಕಾಲು ಆರಾಮ ಆಗಲಾಕ ತಿಂಗಳು ಹಿಡೀತು. ಆಕಿ ಗಂಡ ಬೈದ್ರೇನು ಅಂತ ಕೇಳಿದೆ. "ಇಲ್ಲ, ಮಗ ಎಲ್ಲಾ ಹೇಳ್ಯಾನ. ಎಣ್ಣಿ ತಿಕ್ಕಲತ್ತಾರ" ಅಂದಳು.

ಈ ಸಲ ಪಂಚಮಿಗಿ ನಾನೇ ಅಕ್ಕನ್ನ ನನ್ನ ಮನಿಗಿ ಕರದೆ. ಬರೇ ಬಾ ಅನ್ನಲಿಲ್ಲ, ಮಗನ್ನ ಗಾಡಿ ಕೊಟ್ಟು ಆಳಂದಕ್ಕ ಕಳಸಿದೆ, ತವರಿನವ್ರು ಕರಿಯಾಕ ಬಂದಂಗ. ನಾದಿನಿನೂ ಅಫಜಲಪುರದಿಂದ ಬಂದಳು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಕಟ್ಟಿದೇವು, ಬೇವಿನ ಗಿಡಕ್ಕ ಜೋಕಾಲಿ ಹಾಕಿದೇವು. ಹೋಗುವಾಗ ಇಬ್ಬರಿಗೂ ಉಡಿ ತುಂಬಿ ಸೀರಿ ಕೊಟ್ಟೆ. ಮುಂದಿನ ಪಂಚಮಿ ಅಕ್ಕನ ಮನಿಯಾಗ, ಅದರ ಮುಂದಿಂದು ನಾದಿನಿ ಮನಿಯಾಗ ಅಂತ ಪಾಳಿ ಹಚ್ಚೇವಿ. ತಮ್ಮನ ಹೆಂಡ್ತಿಗಿ ಫೋನ್ ಮಾಡಿ, "ನಿನಗೂ ತವರು ಭಾಳ ದೂರ, ನೀನೂ ಬಾರವ್ವ" ಅಂದೆ. ಮುಂದಿನ ವರ್ಷ ಬರ್ತೀನಿ ಅಂದಾಳ. ಶ್ರೀಶೈಲಕ್ಕ ಒಯ್ಯೋ ಸೀರಿ ಈ ಸಲ ನಾನೇ ಆರಿಸ್ತೀನಿ ಅಂತಾನೂ ಅಂದಾಳ.

ಯುಗಾದಿಗಿ ಇನ್ನೂ ಟೈಮ್ ಅದ. ನಮ್ಮ ಓಣಿಯಾಗಿಂದ ಆಗಲೇ ಇಬ್ಬರು ಹೆಸರು ಹೇಳ್ಯಾರ. ಮೆಟ್ಟಲು ಏರಿ ಇಳಿಯೋದು ಸುರು ಮಾಡ್ರಿ ಅಂತ ಅವರಿಗಿ ಹೇಳೀನಿ.